ಬನ್ನು ಎಸೆಯುವ ಊರಿನಲ್ಲಿ ಹಗುರ ಕಾರಿನ ಜಗಳ

ಮಗಳು ಅಳಿಯ ಇಂಗ್ಲೆಂಡಿನಲ್ಲಿದ್ದಾರೆ, ಬಾಣಂತನಕ್ಕೋ ಮೊಮ್ಮಗುವನ್ನು ಆಡಿಸುವುದಕ್ಕೋ ನೀವು ಮೂರು ತಿಂಗಳು ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಲಂಡನ್ನಿನ ಅರಮನೆ, ಗಡಿಯಾರದ ಗೋಪುರ, ಮೇಣದ ಬೊಂಬೆಗಳು ಎಲ್ಲ ಮುಗಿದ ಮೇಲೆ ಆಕ್ಸ್‌ಫರ್ಡಿಗೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯ ಹಳೇ ಕಾಲೇಜುಗಳ ಗೋಪುರ ನೋಡಿ ನೋಡಿ ಕತ್ತು ನೋವು ಬಂದು, ಇನ್ನೂ ಅರ್ಧ ದಿನ ಕೈಯಲ್ಲಿ ಉಳಿದಿದ್ದರೆ ನನ್ನ ಮಾತು ಕೇಳಿ, ಆ್ಯಬಿಂಗ್ಡನ್‌ಗೆ ಹೋಗುವ ಬಸ್ಸು ಹತ್ತಿ. ಹೆಚ್ಚುಕಡಿಮೆ ಹತ್ತು ಕಿಲೋಮೀಟರು, ಅಷ್ಟೇ. ರೈಲು ಕೇಳಬೇಡಿ, ಆ ಊರಿಗೆ ಪ್ರಯಾಣಿಕರ ರೈಲು 1963ರಲ್ಲೇ ನಿಂತುಹೋಯಿತು.

ಲಂಡನ್ನಿನಲ್ಲಿ ಅಷ್ಟು ಗತ್ತಿನಿಂದ ಹರಿಯುವ ಥೇಮ್ಸ್ ನದಿ ಇಲ್ಲಿ ಸಾಧುವಾಗಿ, ಹಳೆಯ ಕಲ್ಲಿನ ಸೇತುವೆಯ ಕೆಳಗೆ ನುಸುಳಿಕೊಂಡು ಹೋಗುತ್ತದೆ. ಊರಿನ ನಡುವೆ ಮಾರುಕಟ್ಟೆಯ ಚೌಕ. ಅದರ ಒಂದು ಪಕ್ಕಕ್ಕೆ ‘ಕೌಂಟಿ ಹಾಲ್’ ಎಂಬ ಎತ್ತರದ ಕಲ್ಲಿನ ಕಟ್ಟಡ. ಕೆಳಗೆ ನಮ್ಮ ದೇವಸ್ಥಾನದ ಮಂಟಪದಂತೆ ಕಮಾನುಗಳು, ತೆರೆದ ಜಾಗ. ಮೇಲೆ ದೊಡ್ಡ ದೊಡ್ಡ ಕಿಟಕಿಗಳ ಮಹಡಿ. 1678ರಿಂದ 1682ರವರೆಗೆ ಕಟ್ಟಿದ್ದು. ಈಗ ಅದು ಊರಿನ ವಸ್ತುಸಂಗ್ರಹಾಲಯ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ.

ಈ ಕಟ್ಟಡದ ಮೇಲೊಂದು ಮೋಜಿನ ಪದ್ಧತಿಯುಂಟು. ರಾಜಮನೆತನದಲ್ಲಿ ಪಟ್ಟಾಭಿಷೇಕವೋ ಜ್ಯೂಬಿಲಿಯೋ ನಡೆದಾಗ ಊರಿನ ಕೌನ್ಸಿಲರುಗಳು ನಿಲುವಂಗಿ ತೊಟ್ಟು ಮಾಳಿಗೆ ಹತ್ತಿ, ಕೆಳಗೆ ನೆರೆದ ಜನರ ಮೇಲೆ ಒಣದ್ರಾಕ್ಷಿ ಹಾಕಿದ ಬನ್ನುಗಳನ್ನು ಎಸೆಯುತ್ತಾರೆ. ಒಂದೆರಡಲ್ಲ, ಸಾವಿರಾರು! ದಾಖಲೆ ಸಿಗುವುದು 1761ರ ಮೂರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದಿಂದ. 2023ರಲ್ಲಿ ಮೂರನೇ ಚಾರ್ಲ್ಸ್‌ಗೆ ಪಟ್ಟ ಕಟ್ಟಿದಾಗಲೂ ಎಸೆದರು. ಬಿದ್ದ ಬನ್ನನ್ನು ತಿನ್ನದೆ ಒಣಗಿಸಿಟ್ಟುಕೊಳ್ಳುವವರೂ ಇದ್ದಾರೆ. ಸಂಗ್ರಹಾಲಯದಲ್ಲಿ ಹಾಗೆ ಉಳಿಸಿದ ಹಳೆಯ ಬನ್ನುಗಳಿವೆ, ನೋಡಿ. (ನಮ್ಮ ಮಂಗಳೂರು ಬನ್ಸ್ ಆಗಿದ್ದರೆ ಸಂಜೆವರೆಗೂ ಉಳಿಯುತ್ತಿರಲಿಲ್ಲ ಬಿಡಿ.)

ಆದರೆ ನಾನು ನಿಮ್ಮನ್ನು ಇಲ್ಲಿಗೆ ಕರೆದದ್ದು ಬನ್ನಿಗಾಗಿ ಅಲ್ಲ. ಮೆಟ್ಟಲು ಹತ್ತಿ ಮಹಡಿಗೆ ಬನ್ನಿ. ಕಲ್ಲಿನ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಕಾರು ನಿಂತಿದೆ! ಇದು ಹೇಗಪ್ಪಾ ಮೆಟ್ಟಲು ಹತ್ತಿತು ಅಂತ ಯಾರಾದರೂ ಬೆರಗಾಗಬೇಕು. ಕ್ರೇನಿನಲ್ಲಿ ಎತ್ತಿ ಕಿಟಕಿಯ ಮೂಲಕ ಒಳಗೆ ಸೇರಿಸಿದ್ದಂತೆ. ಅದರ ಹೆಸರು ಎಂಜಿಬಿ. ಈ ಊರಿನ ಫ್ಯಾಕ್ಟರಿಯಿಂದ 1980ರ ಅಕ್ಟೋಬರಿನಲ್ಲಿ ಕಟ್ಟಕಡೆಗೆ ಹೊರಬಂದ ಕಾರು ಅದು.

ಎಂ.ಜಿ. ಎಂದರೆ ಬೆಂಗಳೂರಿನವರಿಗೆ ಒಂದು ರಸ್ತೆ. ಇಲ್ಲಿ ಅದು ‘ಮಾರಿಸ್ ಗ್ಯಾರೇಜಸ್’. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬವರು ಕಾರು ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. 1922ರಲ್ಲಿ ಅದರ ಮ್ಯಾನೇಜರಾದ ಸೆಸಿಲ್ ಕಿಂಬರ್ ಎಂಬವರಿಗೆ ಸುಮ್ಮನೆ ಕೂರುವ ಸ್ವಭಾವವಿಲ್ಲ. ಮಾರಿಸ್ ಕಂಪನಿಯ ಸಾಧಾರಣ ಕಾರನ್ನೇ ತೆಗೆದುಕೊಂಡು, ಮೇಲಿನ ಮೈ ಬದಲಿಸಿ, ಹಗುರ ಮಾಡಿ, ಚುರುಕು ಮಾಡಿ ಮಾರತೊಡಗಿದರು. ನಾವು ಅಮ್ಮನ ಹಳೇ ರೇಷ್ಮೆ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಸುವುದಿಲ್ಲವೆ, ಹಾಗೆ. 1929ರಲ್ಲಿ ಆ್ಯಬಿಂಗ್ಡನ್‌ನ ಚರ್ಮದ ಕಾರ್ಖಾನೆಯೊಂದರ ಜಾಗಕ್ಕೆ ಈ ಕೆಲಸ ಸ್ಥಳಾಂತರವಾಯಿತು. ಅಲ್ಲಿಂದ ಐವತ್ತು ವರ್ಷ ಈ ಊರಿನ ಅನ್ನ ಅದೇ ಆಯಿತು. ಪಾಪ, ಕಿಂಬರ್ ಅವರಿಗೆ ಮಾತ್ರ ಕೊನೆಯತನಕ ಇಲ್ಲಿರುವ ಋಣ ಇರಲಿಲ್ಲ. 1941ರಲ್ಲಿ ಕಂಪನಿಯವರೇ ಅವರನ್ನು ಹೊರಗೆ ಹಾಕಿದರು. 1945ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ತೀರಿಕೊಂಡರು.

ಈ ಕಾರುಗಳಿಗೆ ‘ಸ್ಪೋರ್ಟ್ಸ್ ಕಾರು’ ಅನ್ನುತ್ತಾರೆ. ಇಬ್ಬರಿಗೆ ಸೀಟು, ಮಡಚುವ ಬಟ್ಟೆಯ ಚಾವಣಿ, ನೆಲಕ್ಕೆ ಅಂಟಿಕೊಂಡಂಥ ಕುಳ್ಳು ಆಕಾರ. ಹಳೇ ಸಿನಿಮಾಗಳಲ್ಲಿ ನಾಯಕ ನಾಯಕಿ ಕೂದಲು ಹಾರಿಸಿಕೊಂಡು ಹಾಡು ಹೇಳುತ್ತಾ ಹೋಗುತ್ತಾರಲ್ಲ, ಆ ಜಾತಿ. ಇದರಲ್ಲಿ ಎಂಜಿನ್ನಿನ ಬಲಕ್ಕಿಂತ ಮೈಯ ಹಗುರಕ್ಕೇ ಬೆಲೆ ಜಾಸ್ತಿ. ಯಾಕೆ ಅಂತೀರಾ? ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಥಟ್ಟನೆ ತಿರುಗಿ ನೋಡಿ, ಆಮೇಲೆ ಖಾಲಿ ಬಿಂದಿಗೆ ಹಿಡಿದು ತಿರುಗಿ ನೋಡಿ. ಭಾರ ಇದ್ದಾಗ ತಿರುಗುವುದೂ ಕಷ್ಟ, ಹೊರಟಮೇಲೆ ನಿಲ್ಲುವುದೂ ಕಷ್ಟ. ಕಾರಿಗೂ ಅದೇ ನ್ಯಾಯ. ಮೈ ಹಗುರವಾಗಿದ್ದರೆ ಸಣ್ಣ ಎಂಜಿನ್ ಸಾಕು, ಸಣ್ಣ ಬ್ರೇಕು ಸಾಕು, ತಿರುವಿನಲ್ಲಿ ಮಾತು ಕೇಳುತ್ತದೆ.

ಇಷ್ಟು ಎಲ್ಲರೂ ಒಪ್ಪುತ್ತಾರೆ. ಯಾವ ಕಾರು ಮೇಲು ಅನ್ನುವಲ್ಲಿಗೆ ಜಗಳ ಶುರು. ಬೇಸಗೆಯ ಭಾನುವಾರ ಇಂಗ್ಲೆಂಡಿನ ಯಾವುದಾದರೂ ಹುಲ್ಲುಮೈದಾನದಲ್ಲಿ ಇಂಥ ಕಾರಿನವರು ಸೇರಿದ್ದನ್ನು ನೋಡಬೇಕು ನೀವು. ಸಾಲಾಗಿ ಕಾರು, ಎಲ್ಲದರ ಬಾನೆಟ್ಟೂ ಮೇಲಕ್ಕೆ, ಪಕ್ಕದಲ್ಲಿ ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ. ತಲೆ ನರೆತ ಗಂಡಸರು ನಮ್ಮ ಕಡೆ ಅರಳಿಕಟ್ಟೆಯಲ್ಲಿ ರಾಜಕೀಯ ಮಾತಾಡುವಷ್ಟೇ ಬಿಸಿಯಾಗಿ ಕಾರು ಮಾತಾಡುತ್ತಾರೆ. ಹೆಂಗಸರು ಬರೀ ಸ್ಯಾಂಡ್‌ವಿಚ್ ಹಂಚಲು ಬಂದವರು ಅಂದುಕೊಳ್ಳಬೇಡಿ. ಕೈಗೆ ಗ್ರೀಸ್ ಹತ್ತಿಸಿಕೊಂಡು ವಾದಕ್ಕೆ ನಿಂತವರೂ ಇರುತ್ತಾರೆ.

ಒಂದು ಪಂಗಡದವರ ದೇವರು ‘ಕಪ್ಪೆಗಣ್ಣು’. ಸರಿಯಾದ ಹೆಸರು ಆಸ್ಟಿನ್-ಹೀಲಿ ಸ್ಪ್ರೈಟ್. ಹುಟ್ಟಿದ್ದು 1958ರಲ್ಲಿ, ತಯಾರಾದದ್ದು ಈ ಆ್ಯಬಿಂಗ್ಡನ್‌ನಲ್ಲೇ. ದೀಪಗಳು ಬಾನೆಟ್ಟಿನ ಮೇಲೆ ಉಬ್ಬಿಕೊಂಡು ನಿಂತಿರುವುದರಿಂದ ಈ ಅಡ್ಡಹೆಸರು. ಬೇಡವಾದಾಗ ದೀಪ ಒಳಗೆ ಮಡಚಿಕೊಳ್ಳಲಿ ಎಂದು ಮೊದಲು ಯೋಚಿಸಿದ್ದರಂತೆ, ಖರ್ಚು ಹೆಚ್ಚಾಯಿತೆಂದು ಬಿಟ್ಟರು. ಬಿಟ್ಟದ್ದು ಅದೊಂದೇ ಅಲ್ಲ. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ, ಒಳಗೆ ಕೈಹಾಕಿ ತೆಗೆಯಬೇಕು. ಹಿಂದೆ ಡಿಕ್ಕಿಗೆ ಮುಚ್ಚಳವೂ ಇಲ್ಲ! ಸೀಟು ಮುಂದಕ್ಕೆ ಮಗುಚಿ, ಗವಿಯೊಳಗೆ ತೂರಿದಂತೆ ತೂರಿ ಸಾಮಾನು ಇಡಬೇಕು. ಎಂಜಿನ್ 948 ಸಿ.ಸಿ., ಸಾಧಾರಣ ಸಂಸಾರಸ್ಥರ ಕಾರಿನದೇ. ತೂಕ ಸುಮಾರು 660 ಕಿಲೋ, ಅಂದರೆ ನಮ್ಮ 25 ಕಿಲೋ ಅಕ್ಕಿಮೂಟೆ ಇಪ್ಪತ್ತಾರು. ‘ಏನೂ ಇಲ್ಲದ್ದೇ ಇದರ ಗುಣ. ಹಾಳಾಗಲು ಏನಿದೆ ಇದರಲ್ಲಿ?’ ಎಂದು ಕಪ್ಪೆಗಣ್ಣಿನವರು ಕೇಳುತ್ತಾರೆ.

‘ಮಳೆ ಬಂದಾಗ ಬನ್ನಿ, ಹೇಳ್ತೀವಿ’ ಅನ್ನುವವರು ಎಂಜಿಬಿಯವರು. 1962ರಲ್ಲಿ ಬಂದ ಅವರ ಕಾರು ಸುಮಾರು 920 ಕಿಲೋ ಭಾರ. ಆದರೆ ಡಿಕ್ಕಿ ಉಂಟು, ನಾಲ್ಕು ದಿನದ ಪ್ರವಾಸಕ್ಕೆ ಬಟ್ಟೆಬರೆ ಹಿಡಿಯುತ್ತದೆ. 1965ರಿಂದ ಗಟ್ಟಿ ಚಾವಣಿಯ, ಹಿಂದೆ ಮಕ್ಕಳು ಮುದುರಿ ಕೂರಬಹುದಾದ ಇನ್ನೊಂದು ನಮೂನೆಯೂ ಬಂತು. ಎಲ್ಲ ಸೇರಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಇದರ ಎಂಜಿನ್ನಿಗೆ ನಮಗೂ ನೆಂಟಸ್ತಿಕೆ ಇದೆ ಅಂದರೆ ನಂಬುತ್ತೀರಾ? ನಮ್ಮ ಊರೂರಿನ ಅಂಬಾಸಿಡರ್ ಟ್ಯಾಕ್ಸಿಗೆ 1959ರಿಂದ ಹಾಕಿದ 1489 ಸಿ.ಸಿ. ಎಂಜಿನ್ನೂ, ಎಂಜಿಬಿಯ 1798 ಸಿ.ಸಿ. ಎಂಜಿನ್ನೂ ಒಂದೇ ವಂಶದವು. ಅಕ್ಕ ತಂಗಿ ಅನ್ನಿ. ಮದುವೆ ದಿಬ್ಬಣಕ್ಕೆ ಹತ್ತು ಜನರನ್ನು ತುರುಕಿಕೊಂಡು ಘಾಟಿ ಹತ್ತಿದ ಅಕ್ಕ, ಕೂದಲು ಹಾರಿಸಿಕೊಂಡು ಸಮುದ್ರತೀರಕ್ಕೆ ಹೊರಟ ತಂಗಿ!

ಮೂರನೆಯವರು ಲೋಟಸ್ ಎಲಾನ್ ಕಾರಿನವರು. ಇವರಿಗೆ ಸ್ವಲ್ಪ ಜಂಬ ಜಾಸ್ತಿ, ಕಾರಣವೂ ಇದೆ. ಅದೂ 1962ರದೇ, ಆದರೆ ಮೈಯೆಲ್ಲ ಫೈಬರ್‌ಗ್ಲಾಸ್, ತೂಕ ಸುಮಾರು 680 ಕಿಲೋ. ತಿರುವಿನಲ್ಲಿ ಅದರಷ್ಟು ಚೆನ್ನಾಗಿ ತಿರುಗುವ ಕಾರು ಆ ಕಾಲದಲ್ಲಿ ಇರಲಿಲ್ಲ ಎಂದು ಎದುರುಪಕ್ಷದವರೂ ಒಪ್ಪುತ್ತಾರೆ. ಅದನ್ನು ಮಾಡಿದ ಕಾಲಿನ್ ಚಾಪ್‌ಮನ್ ಉತ್ತರ ಲಂಡನ್ನಿನಲ್ಲಿ ತಂದೆಯ ಹೋಟೆಲಿನ ಹಿಂದಿದ್ದ ಕುದುರೆ ಲಾಯದಲ್ಲಿ ಕೆಲಸ ಶುರು ಮಾಡಿದವರು. ಕಂಪನಿ ಕಟ್ಟಲು ಮೊದಲ ಹಣ ಸಾಲ ಕೊಟ್ಟವಳು, ಆಮೇಲೆ ಅವರ ಹೆಂಡತಿಯಾದ ಹೇಜಲ್. ಕಾರಿನ ಪುಸ್ತಕಗಳಲ್ಲಿ ಆಕೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಅದಕ್ಕೇ ನಾನಿಲ್ಲಿ ಬರೆದೆ. ‘ಒಳ್ಳೇ ಕಾರು ಸರಿ, ಆದರೆ ಎಷ್ಟು ದಿನ ರಸ್ತೆಯಲ್ಲಿ, ಎಷ್ಟು ದಿನ ಗ್ಯಾರೇಜಿನಲ್ಲಿ?’ ಎಂದು ಎಂಜಿಬಿಯವರು ಚುಚ್ಚದೆ ಬಿಡುವುದಿಲ್ಲ.

ಮೈದಾನದ ಮೂಲೆಯಲ್ಲಿ ಜಪಾನಿನ ಮಾಜ್ಡಾ ಎಂಎಕ್ಸ್-5 ನಿಂತಿರುತ್ತದೆ. ಹಿರೋಶಿಮಾದಲ್ಲಿ ಕಾರ್ಖಾನೆಯಿರುವ ಆ ಕಂಪನಿ, ಇಂಗ್ಲಿಷರು ಬಿಟ್ಟುಬಿಟ್ಟ ಇಂಥ ಕಾರನ್ನು 1989ರಲ್ಲಿ ಮತ್ತೆ ತಯಾರಿಸಿತು. 2016ರ ಹೊತ್ತಿಗೆ ಹತ್ತು ಲಕ್ಷ ಮುಗಿಸಿತು. ಬೀಗದ ಕೈ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಎಣ್ಣೆ ತೊಟ್ಟಿಕ್ಕುವುದಿಲ್ಲ. ಅದೇ ಅದರ ದೋಷ ಅನ್ನುತ್ತಾರೆ ಹಳಬರು! ನನ್ನನ್ನು ಕೇಳಿದರೆ, ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಬೇಕಾದವಳು ಅದನ್ನೇ ಆರಿಸಿಕೊಳ್ಳುತ್ತಾಳೆ. ಆದರೆ ಕಣ್ಣು ತಿರುಗುವುದು ಕಪ್ಪೆಗಣ್ಣಿನ ಕಡೆಗೇ.

ಹೆಂಗಸರು ಅಂದಾಗ ಪ್ಯಾಟ್ ಮಾಸ್ ನೆನಪಾಗುತ್ತಾಳೆ. ಕುದುರೆ ಸವಾರಿಯಲ್ಲಿ ಪಳಗಿದವಳು, ಹೆಸರಾಂತ ರೇಸುಗಾರ ಸ್ಟರ್ಲಿಂಗ್ ಮಾಸ್‌ನ ತಂಗಿ. ಪಂದ್ಯದ ಕಾರುಗಳನ್ನು ಸಜ್ಜು ಮಾಡುವ ವಿಭಾಗವೂ ಆ್ಯಬಿಂಗ್ಡನ್‌ನಲ್ಲೇ ಇತ್ತು. ಇಲ್ಲಿ ತಯಾರಾದ ಆಸ್ಟಿನ್-ಹೀಲಿ 3000 ಕಾರಿನಲ್ಲಿ ಪ್ಯಾಟ್ ಮತ್ತು ಅವಳ ಗೆಳತಿ ಆ್ಯನ್ ವಿಸ್ಡಂ 1960ರಲ್ಲಿ ಲಿಯೆಜ್-ರೋಮ್-ಲಿಯೆಜ್ ಪಂದ್ಯಕ್ಕೆ ಹೊರಟರು. ಬೆಲ್ಜಿಯಂನಿಂದ ಹೊರಟು, ಪರ್ವತಗಳ ರಸ್ತೆಗಳಲ್ಲಿ ಹಗಲು ರಾತ್ರಿ ಸುಮಾರು ನಾಲ್ಕು ದಿನ ಓಡಿ, ಮತ್ತೆ ಬೆಲ್ಜಿಯಂ ಸೇರಬೇಕು. ಒಬ್ಬಳು ಸ್ಟಿಯರಿಂಗ್ ಹಿಡಿದಾಗ ಇನ್ನೊಬ್ಬಳ ಮಡಿಲಲ್ಲಿ ನಕ್ಷೆ. ಗೆದ್ದರು! ಹೆಂಗಸರಿಗೆ ಬೇರೆ ಇಟ್ಟ ಬಹುಮಾನವಲ್ಲ, ಗಂಡಸರನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ. (ಅದು ಟನ್ನಿಗೂ ಮೀರಿದ ಭಾರೀ ಕಾರು, ಹಗುರದ ಪಟ್ಟಿಗೆ ಸೇರುವುದಿಲ್ಲ ಎಂದು ಕಪ್ಪೆಗಣ್ಣಿನವರು ತಗಾದೆ ಎತ್ತುತ್ತಾರೆ. ಎತ್ತಲಿ ಬಿಡಿ.)

ಈಗ ಮಹಡಿಯ ಮೇಲಿನ ಕಾರಿಗೆ ವಾಪಸು ಬನ್ನಿ. ಅದರ ಮುಂದೆ ಹಿಂದೆ ದಪ್ಪನೆಯ ಕಪ್ಪು ರಬ್ಬರಿನ ಬಂಪರ್ ಇದೆ, ಗಮನಿಸಿದಿರಾ? ಎಂಜಿಬಿಯವರ ಒಳಜಗಳ ಇದೇ. ಮೊದಲು ಇದ್ದದ್ದು ಬೆಳ್ಳಿಯಂತೆ ಹೊಳೆಯುವ ತೆಳ್ಳಗಿನ ಕ್ರೋಮ್ ಬಂಪರ್. ಅಮೆರಿಕದ ಸುರಕ್ಷತೆಯ ಕಾನೂನಿಗಾಗಿ 1974ರಲ್ಲಿ ರಬ್ಬರ್ ಬಂತು, ಕಾರನ್ನೂ ನೆಲದಿಂದ ಮೇಲಕ್ಕೆ ಎತ್ತಿದರು. ಭಾರ ಹೆಚ್ಚಿತು, ತಿರುವಿನಲ್ಲಿ ಹಿಂದಿನ ಹಿಡಿತ ಹೋಯಿತು. ರಬ್ಬರ್ ಕಿತ್ತು ಹಾಕಿ ಕ್ರೋಮ್ ಜೋಡಿಸಿಕೊಂಡವರು ಎಷ್ಟೋ ಜನ. ‘ಅದೂ ಅದರ ಚರಿತ್ರೆ, ಇದ್ದ ಹಾಗೇ ಇರಲಿ’ ಅನ್ನುವವರು ಕೆಲವರು. ನನಗೆ ಈ ಎರಡನೆಯವರ ಮಾತೇ ಸರಿ ಕಾಣುತ್ತದೆ, ಯಾಕೆಂದರೆ ಊರಿನ ಕೊನೆಯ ದಿನಗಳಲ್ಲಿ ಇಲ್ಲಿಯ ಜನ ಕೈಯಾರೆ ಜೋಡಿಸಿದ್ದು ಆ ರಬ್ಬರಿನ ಕಾರುಗಳನ್ನೇ.

ಆ ಕೊನೆಯ ದಿನಗಳ ಕಥೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1979ರ ಸೆಪ್ಟೆಂಬರಿನಲ್ಲಿ ಫ್ಯಾಕ್ಟರಿ ಇಲ್ಲಿಗೆ ಬಂದು ಐವತ್ತು ವರ್ಷ ಆಯಿತೆಂದು ಊರೇ ಹಬ್ಬ ಮಾಡಿತು. ಊರಿನ ಬಿಯರ್ ತಯಾರಿಸುವವರು ಆ ವರ್ಷದ ನೆನಪಿಗೆ ‘ಚುಕ್ಕೆ ಕೋಳಿ’ ಎಂಬರ್ಥದ ಹೆಸರಿನ ಹೊಸ ಬಿಯರನ್ನೇ ಮಾಡಿದರು. ಫ್ಯಾಕ್ಟರಿಯ ಅಂಗಳದಲ್ಲಿ ಓಡಾಡಿ ಓಡಾಡಿ ಮೈಯೆಲ್ಲ ಬಣ್ಣದ ಹನಿ ಬಿದ್ದಿದ್ದ ಒಂದು ಹಳೆಯ ಕಾರಿಗೆ ಕೆಲಸಗಾರರು ಇಟ್ಟ ಅಡ್ಡಹೆಸರಿನಿಂದ ಬಂದದ್ದು ಅದು. ಹಬ್ಬದ ತೋರಣ ಒಣಗುವ ಮುಂಚೆ, ಸೆಪ್ಟೆಂಬರ್ 10ರ ಸೋಮವಾರ, ಫ್ಯಾಕ್ಟರಿ ಮುಚ್ಚುತ್ತೇವೆಂಬ ಸುದ್ದಿ ಬಂತು. ಪೌಂಡಿನ ಬೆಲೆ ಏರಿದೆ, ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿಗೂ ನಷ್ಟ ಎಂದು ಕಂಪನಿಯ ಲೆಕ್ಕ. ಸಾವಿರಕ್ಕೂ ಮೇಲ್ಪಟ್ಟ ಕೆಲಸಗಾರರು, ಅಪ್ಪ ಮಗ ಇಬ್ಬರೂ ಅಲ್ಲೇ ದುಡಿಯುವ ಮನೆಗಳು. ಕಾರಿನ ಮಾಲೀಕರು ಲಂಡನ್ನಿಗೆ ಮೆರವಣಿಗೆ ಹೋಗಿ ಪ್ರತಿಭಟಿಸಿದರು. ಕೊಂಡುಕೊಳ್ಳುತ್ತೇವೆ ಎಂದು ಮುಂದೆ ಬಂದವರ ಮಾತುಕತೆಯೂ ಮುರಿದುಬಿತ್ತು. ಮುಂದಿನ ವರ್ಷದ ಅಕ್ಟೋಬರಿಗೆ ಎಲ್ಲ ಮುಗಿಯಿತು.

ಮುಗಿಯಿತು ಅಂದೆ, ಪೂರ್ತಿ ಮುಗಿಯಲಿಲ್ಲ. ಕಾರು ಇಟ್ಟುಕೊಂಡವರು ಬಿಡಬೇಕಲ್ಲ! ಇಂಗ್ಲೆಂಡಿನ ಮಳೆಗೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೆ ಹಳೆಯ ಕಾರುಗಳ ತಳ ತುಕ್ಕು ಹಿಡಿದು ಜಾಲರಿಯಾಗುತ್ತದೆ. 1988ರಲ್ಲಿ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ಎಂಜಿಬಿಯ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರತೊಡಗಿದರು. ಹಳೆಯ ಎಂಜಿನ್, ಹಳೆಯ ಚಕ್ರ, ಹೊಸ ಮೈ. ಹಾಗಾದರೆ ಅದು ಹಳೇ ಕಾರೋ ಹೊಸಾ ಕಾರೋ? ಸರಿ, ಅದಕ್ಕೂ ಒಂದು ಜಗಳ ಶುರು. ಎಂಜಿ ಮಾಲೀಕರ ಸಂಘದ ಕಚೇರಿ ಹಳೆಯ ಫ್ಯಾಕ್ಟರಿಯ ಪಕ್ಕದ ರಸ್ತೆಯಲ್ಲೇ ಇದೆ. ಆ ಕಟ್ಟಡಕ್ಕೆ ಕಿಂಬರ್ ಅವರ ಹೆಸರಿಟ್ಟಿದ್ದಾರೆ, ಹೊರಗೆ ಹಾಕಿಸಿಕೊಂಡವರದೇ ಹೆಸರು.

ಎಂಜಿ ಎಂಬ ಹೆಸರು ಈಗ ಚೀನಾದ ಕಂಪನಿಯ ಕೈಸೇರಿದೆ. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ನಮ್ಮ ಊರುಗಳಿಗೂ ಬರುತ್ತಿದೆ. ಎಂಟು ಮೂಲೆಯ ಆ ಗುರುತನ್ನು ನಿಮ್ಮ ಬೀದಿಯಲ್ಲೇ ನೋಡಿರುತ್ತೀರಿ. ಎತ್ತರದ, ಒಂದೂವರೆ ಟನ್ನಿನ ಆಸುಪಾಸಿನ ಸಂಸಾರದ ಕಾರುಗಳು. ಒಳ್ಳೆಯವೇ ಇರಬಹುದು, ಆದರೆ ಬಿಂದಿಗೆ ತುಂಬಿದೆ.

ಆ್ಯಬಿಂಗ್ಡನ್‌ಗೆ ಹೋಗುವುದಾದರೆ ಬೇಸಗೆಯಲ್ಲೇ ಹೋಗಿ, ಕೈಯಲ್ಲೊಂದು ಕೊಡೆ ಇರಲಿ. ಸಂಗ್ರಹಾಲಯ ನೋಡಿ ಕೆಳಗಿಳಿದಾಗ ಚೌಕದ ಸುತ್ತ ಎಲ್ಲಾದರೂ ಬಾನೆಟ್ ಎತ್ತಿದ ಸಣ್ಣ ಕಾರು, ಅದರೊಳಗೆ ತಲೆ ಹುದುಗಿಸಿದ ಒಬ್ಬರು ಕಂಡರೆ ಸಂಕೋಚ ಬೇಡ, ಹತ್ತಿರ ಹೋಗಿ ‘ಕ್ರೋಮಾ, ರಬ್ಬರಾ?’ ಅಂತ ಕೇಳಿ. ಮಗಳಿಗೆ ಮಾತ್ರ ಮೊದಲೇ ಹೇಳಿಟ್ಟಿರಿ, ಅಂದುಕೊಂಡ ಬಸ್ಸಿಗೆ ನೀವು ಬರುವುದಿಲ್ಲ.