ಕೆಸರಿನಲ್ಲಿ ಬರಿಗಾಲು

ಸೊರಟೂರಿನ ಎರೆಮಣ್ಣಿನವನಾದ ನನಗೆ ಮಳೆಯೆಂದರೆ ಕಾಲ್ಮರಿ ಕಳಚಿ ಕೈಗೆತ್ತಿಕೊಳ್ಳುವ ಕಾಲ. ಫುಟ್‌ಬಾಲಿಗೆ ಅದು ಸಲ್ಲದೆಂದು ತಿಳಿದದ್ದು ಬೆಂಗಳೂರಿನ ಗೌತಮಪುರದಲ್ಲಿ, ಬಡಾವಣೆಯ ತಂಡಗಳ ಕಪ್ ಪಂದ್ಯ ನೋಡಿದ ದಿನ. ಜಿಟಿಜಿಟಿ ಮಳೆಯಲ್ಲಿ ಬೂಟು ಹರಿದ ಹುಡುಗನೊಬ್ಬ ಬರಿಗಾಲಲ್ಲೇ ಮುಂದಡಿಯಿಟ್ಟ, ರೆಫರಿ ತಡೆದರು. “ನಲವತ್ತೆಂಟರಲ್ಲಿ ಎಷ್ಟು ಜನಕ್ಕೆ ಬೂಟಿತ್ತು, ಸ್ವಾಮಿ?” ಎಂದರು ಪಕ್ಕದಲ್ಲಿ ಕೊಡೆ ಹಿಡಿದಿದ್ದ ಹಿರಿಯರು.

ಮಾತು ದಿಟ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ನಮ್ಮವರಲ್ಲಿ ಬಹುಮಂದಿ ಬೂಟಿಲ್ಲದೆಯೇ ಆಡಿದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರೂ 2–1ರಿಂದ ಸೋತರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಬಗ್ಗುಬಡಿದ ಮೇಲೆ ಬೂಟು ಕಡ್ಡಾಯವಾಯಿತು.

ನಿಯಮವೇನೋ ಸರಿ, ಬೂಟು ಕೊಡುವವರಾರು? ನಡುವೆಯೇ ಆಟದಿಂದ ಹೊರಬಂದಿದ್ದ ಜೊತೆಗಾರ ತನ್ನದನ್ನೇ ಬಿಚ್ಚಿಕೊಟ್ಟು, ಕೊನೆಯ ಸೀಟಿಯವರೆಗೂ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ನೋಡಿದ.