ಎಳೆ ಎಣಿಸುವ ಕೆಲಸ

ನೌಕರಿ ಬಿಡಬೇಕೆಂದು ನಾನು ವಿಚಾರ ಮಾಡಲು ಸುರು ಮಾಡಿ ಒಂಬತ್ತು ವರ್ಷವಾಗುತ್ತ ಬಂತು. ಈ ಅವಧಿಯಲ್ಲಿ ನಮ್ಮ ಶಾಖೆಗೆ ನಾಲ್ಕು ಜನ ಮ್ಯಾನೇಜರರು ಬಂದು ಹೋದರು, ಕೌಂಟರಿನ ಗಾಜು ಎರಡು ಸಲ ಬದಲಾಯಿತು, ನನ್ನ ಚಾಳೀಸಿನ ನಂಬರು ಮೂರು ಸಲ ಏರಿತು. ನಾನು ಮಾತ್ರ ಅದೇ ಕುರ್ಚಿಯಲ್ಲಿದ್ದೇನೆ. ಬಿಡುವ ವಿಚಾರವನ್ನು ಇಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವಳು ಆ ನಿಷ್ಠೆಯನ್ನು ನೌಕರಿಗೇ ಹಾಕಿದ್ದರೆ ಇಷ್ಟರಲ್ಲಿ ಒಂದು ಬಡ್ತಿಯಾದರೂ ಸಿಗುತ್ತಿತ್ತು ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ.

ಬಿಟ್ಟು ಏನು ಮಾಡುವವಳು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ ಶಬ್ದದ್ದು: ಕಸೂತಿ. ಈ ಉತ್ತರ ಕೇಳಿದವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ಗಂಡಸರು ಹಾಡು, ನಾಟಕ, ಫೋಟೋ ಎಂದು ನೌಕರಿ ಬಿಟ್ಟರೆ ಅದಕ್ಕೆ ಹುಚ್ಚು ಅನ್ನುತ್ತಾರೆ, ಆದರೆ ಆ ಹುಚ್ಚಿಗೆ ಒಂದು ಮರ್ಯಾದೆ ಇದೆ. ಹೆಂಗಸು ಸೂಜಿ ದಾರದ ಸಲುವಾಗಿ ಬ್ಯಾಂಕಿನ ನೌಕರಿ ಬಿಡುತ್ತೇನೆ ಎಂದರೆ ಅದು ಹುಚ್ಚಿನ ಲೆಕ್ಕಕ್ಕೂ ಬರುವುದಿಲ್ಲ. "ಅದನ್ನ ಟಿವಿ ನೋಡಕೋತನೂ ಮಾಡಬಹುದಲ್ಲ?" ಎನ್ನುತ್ತಾರೆ.

ಟಿವಿ ನೋಡುತ್ತ ಕಸೂತಿ ಆಗುವುದಿಲ್ಲ. ನಮ್ಮ ಧಾರವಾಡದ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ. ಇಳಕಲ್ ಸೀರೆಯ ಎಳೆಗಳನ್ನು ಕಣ್ಣಿನಿಂದ ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ವಾಲುತ್ತದೆ, ಅಂಬಾರಿಯ ಆನೆಗೆ ಮೂರೇ ಕಾಲಾಗುತ್ತದೆ. ಹೊಲಿಗೆ ನಾಲ್ಕು ತರಹ: ಗಾವಂತಿ, ಮುರ್ಗಿ, ನೇಗಿ, ಮೆಂತೆ. ಮೊದಲಿನ ಎರಡರಲ್ಲಿ ಬಟ್ಟೆಯ ಮೇಲೂ ಕೆಳಗೂ ಚಿತ್ರ ಒಂದೇ ರೀತಿ ಕಾಣಬೇಕು. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುತ್ತದೆ, ಬಿಟ್ಟ ಜಾಗವನ್ನು ತಿರುಗಿ ಬರುವಾಗ ತುಂಬುತ್ತದೆ. ಅಂದರೆ ಹೊರಡುವ ಮೊದಲೇ ತಿರುಗಿ ಬರುವ ದಾರಿ ಗೊತ್ತಿರಬೇಕು. ಇನ್ನೊಂದು ನೇಮ, ಗಂಟು ಹಾಕಕೂಡದು. ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮುಚ್ಚಬೇಕು. ಎಳೆ ಎಣಿಸಲು ಬಾರದಂಥ ನುಣುಪು ಬಟ್ಟೆಗೆ ಈಗ ಮೇಲೆ ಮ್ಯಾಟಿ ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅವ್ವನಿಗೆ ಅದು ಸೇರುವುದಿಲ್ಲ. "ಕುಬಸದ ಮ್ಯಾಲೆ ಕುಬಸ ಹಾಕ್ಕೊಂಡು ಅಳತಿ ಕೊಟ್ಟಂಗ" ಎನ್ನುತ್ತಾಳೆ.

ನಾನು ಕಲಿತದ್ದು ಅವ್ವನಿಂದಲೇ. ಹೈಸ್ಕೂಲಿನಲ್ಲಿದ್ದಾಗ ಅವಳ ಕಾಟಕ್ಕೆ ಕಲಿತೆ, ಕಾಲೇಜಿಗೆ ಹೋದ ಮೇಲೆ ಅವಳಿಗೆ ಸಿಗದಂತೆ ಓಡಾಡಿ ಮರೆತೆ. 2008ರ ಆಗಸ್ಟಿನಲ್ಲಿ ಬ್ಯಾಂಕು ಸೇರಿದೆ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಂದು ಮಾಡುವ ಸಂಸಾರದಲ್ಲಿ ಸೂಜಿ ಹಿಡಿದದ್ದು ಗುಂಡಿ ಹಚ್ಚಲು ಮಾತ್ರ.

ಅದು ತಿರುಗಿ ಬಂದದ್ದು 2016ರ ನವೆಂಬರಿನಲ್ಲಿ. 8ನೇ ತಾರೀಖು ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಯಿತು. ಆಮೇಲಿನ ಏಳು ವಾರ ನಾವು ಬ್ಯಾಂಕಿನವರು ಹೇಗೆ ಕಳೆದೆವೆಂದು ನಮಗೇ ಗೊತ್ತು. ಗಾಜಿನ ಆಚೆ ನಿಂತವರ ಸಿಟ್ಟು, ಅಳು, ಈಚೆ ನೋಟು ಎಣಿಸುವ ಮಶೀನಿನ ಸಪ್ಪಳ. ಮನೆಗೆ ಬಂದು ಮಲಗಿದರೆ ನಿದ್ದೆಯಲ್ಲೂ ಹೆಬ್ಬೆರಳು ಎಣಿಸುತ್ತಿತ್ತು. ಅಂಥ ಒಂದು ರಾತ್ರಿ ಎದ್ದು ಕೂತವಳು ಏನೋ ಹುಡುಕುತ್ತ ಟ್ರಂಕು ತೆಗೆದೆ. ಅವ್ವ ಅರ್ಧಕ್ಕೆ ಬಿಟ್ಟ ಒಂದು ಕರಿ ಇಳಕಲ್ ಸೀರೆ ಸಿಕ್ಕಿತು. ಚಂದ್ರಕಾಳಿ. ನನ್ನ ಮದುವೆಗೆಂದು ಸುರು ಮಾಡಿದ್ದಳು. ಅಷ್ಟರಲ್ಲಿ ಸಕ್ಕರೆ ಬ್ಯಾನಿ ಅವಳ ಕಣ್ಣಿನ ಹಿಂಪರದೆಯನ್ನು ತಿನ್ನಲು ಹತ್ತಿತ್ತು. ಕೆಂಪು ಸೆರಗಿನಂಚಿಗೆ ಎರಡು ಗೋಪುರ ಪೂರಾ ಆಗಿದ್ದವು, ಮೂರನೆಯದಕ್ಕೆ ಅರ್ಧ ಗೋಡೆ. ನಾನು ಆ ಗೋಡೆಯಿಂದ ಸುರು ಮಾಡಿದೆ. ಹಗಲೆಲ್ಲ ಎಣಿಸಿ ದಣಿದ ಕೈ ರಾತ್ರಿ ಮತ್ತೆ ಎಣಿಸುತ್ತಿತ್ತು, ಆದರೆ ಈ ಎಣಿಕೆಯಿಂದ ನಿದ್ದೆ ಬಂತು.

ನೌಕರಿ ಬಿಡುವ ವಿಚಾರ ಹುಟ್ಟಿದ್ದು ಆಗ. ನಾನು ಬ್ಯಾಂಕಿನವಳು, ಲೆಕ್ಕವಿಲ್ಲದೆ ವಿಚಾರ ಮಾಡಲು ಬರುವುದಿಲ್ಲ. ಒಂದು ನೂರು ಪುಟದ ನೋಟುಬುಕ್ಕು ತಂದೆ. ನಮ್ಮ ಪಿಂಚಣಿಯ ನಿಯಮದ ಪ್ರಕಾರ ಇಪ್ಪತ್ತು ವರ್ಷ ಸೇವೆಯಾದರೆ, ಮೂರು ತಿಂಗಳ ನೋಟೀಸು ಕೊಟ್ಟು ಸ್ವಇಚ್ಛೆಯಿಂದ ನಿವೃತ್ತಿ ಹೊಂದಬಹುದು. ಸೇವೆಯ ವರ್ಷಗಳಿಗೆ ತಕ್ಕಷ್ಟು ಪಿಂಚಣಿ ಬರುತ್ತದೆ. ಅಂದರೆ 2028ರ ಆಗಸ್ಟು. ಮನೆ ಸಾಲದ ಕಂತು, ಮಗಳ ಕಾಲೇಜು, ಅವ್ವನ ಔಷಧ, ಎಲ್ಲ ಬರೆದೆ. ಎಡಗಡೆ ಬರುವುದು, ಬಲಗಡೆ ಹೋಗುವುದು. ಹಿಂದಿನ ಪುಟಗಳಲ್ಲಿ ಚೌಕುಳಿ ಗೆರೆ ಹಾಕಿ ತುಳಸಿಕಟ್ಟೆ, ನವಿಲು, ತೇರು ಬರೆದುಕೊಂಡೆ. ಎರಡೂ ಕಡೆಯಿಂದ ತುಂಬುತ್ತ ಬಂದ ಬುಕ್ಕು ಅದು.

ನೌಕರಿ ಬಿಟ್ಟವರ ಕಥೆಗಳಿಗೆ ಧಾರವಾಡದಲ್ಲಿ ಬರಗಾಲವಿಲ್ಲ. ಕಲೆ ಎಂದು ಬಾಯಿ ತೆಗೆದರೆ ಹಿರಿಯರು ಬೇಂದ್ರೆಯವರನ್ನು ತರುತ್ತಾರೆ. ಆದರೆ ಬೇಂದ್ರೆ ನೌಕರಿ ಬಿಟ್ಟವರಲ್ಲ. 'ನರಬಲಿ' ಕವಿತೆಗಾಗಿ 1932ರಲ್ಲಿ ಸೆರೆಗೆ ಹೋಗಿ, ಆಮೇಲೆ ಎಷ್ಟೋ ವರ್ಷ ಗಟ್ಟಿ ನೌಕರಿಯಿಲ್ಲದೆ ಸಂಸಾರ ಸಾಗಿಸಿ, ಕಡೆಗೆ 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋದವರು. ಇನ್ನೊಂದು ಕಡೆ ಯಶವಂತ ಚಿತ್ತಾಲರಿದ್ದಾರೆ. ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ 1979ರಲ್ಲಿ 'ಶಿಕಾರಿ'ಯಂಥ ಕಾದಂಬರಿ ಕೊಟ್ಟರು. ಯಾರ ಉದಾಹರಣೆ ಹಿಡಿದರೂ ನನ್ನ ನೋಟುಬುಕ್ಕಿನ ಲೆಕ್ಕಕ್ಕೆ ಕೂಡಲಿಲ್ಲ. ದೊಡ್ಡವರ ಉದಾಹರಣೆಯ ತೊಂದರೆಯೇ ಇದು, ಅವರು ದೊಡ್ಡವರು.

ನನಗೆ ತಕ್ಕ ಉದಾಹರಣೆ ನಮ್ಮ ಕಾಕಾನದು. ಅವನೂ ಬ್ಯಾಂಕಿನವನು. 2000-01ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿಯ ಯೋಜನೆ ತಂದಾಗ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನೌಕರಿ ಬಿಟ್ಟರು. ಪೂರ್ಣಗೊಳಿಸಿದ ಪ್ರತಿ ವರ್ಷದ ಸೇವೆಗೆ ಅರವತ್ತು ದಿನದ ಪಗಾರ, ಇಲ್ಲವೆ ಉಳಿದ ಸೇವೆಯ ಪಗಾರ, ಯಾವುದು ಕಡಿಮೆಯೋ ಅದು. ಕಾಕಾ ಆ ಲಕ್ಷದಲ್ಲಿ ಒಬ್ಬ. ಅವನಿಗೆ ಹಾರ್ಮೋನಿಯಮ್ಮಿನ ಹುಚ್ಚು. ಬ್ಯಾಂಕಿನಿಂದ ಬಂದವನೇ ಚಹಾ ಕುಡಿದು ಪೆಟ್ಟಿಗೆ ತೆಗೆದರೆ ಊಟಕ್ಕೆ ನಾಲ್ಕು ಸಲ ಕರೆಯಬೇಕು. ನಿವೃತ್ತಿಯಾದ ಮೇಲೆ ದಿನವಿಡೀ ನುಡಿಸುತ್ತಾನೆ ಎಂದುಕೊಂಡೆವು. ಆರು ತಿಂಗಳಿಗೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಮಡಿಚಿದ ಬಟ್ಟೆ. ಯಾಕೆ ಕಾಕಾ ಎಂದು ಕೇಳಿದೆ.

"ಸಂಜಿ ಅನ್ನೋದು ಆಫೀಸು ಇದ್ದವರಿಗೆ ಬರತದ ತಂಗಿ," ಎಂದ. "ನನಗ ಮುಂಜಾನಿಂದ ಬರೇ ಮಧ್ಯಾಹ್ನ."

ಆ ಮಾತು ನನಗೆ ಬಹಳ ದಿನ ಬರೇ ತಮಾಷೆಯಾಗಿ ಕಂಡಿತ್ತು.

ಮೂರು ವರ್ಷದ ಹಿಂದೆ ಒಂದು ಪರೀಕ್ಷೆ ಮಾಡಿ ನೋಡೋಣವೆಂದು ಒಂದು ತಿಂಗಳು ಗಳಿಕೆ ರಜೆ ಹಾಕಿದೆ. ಪರಿಚಯದವರೊಬ್ಬರು ಮಗಳ ಮದುವೆಗೆ ಸೀರೆ ಮಾಡಿಕೊಡಲು ಕೇಳಿದ್ದರು. ಸೀರೆ ಅವರದು, ದಾರ ಮತ್ತು ಕೈ ನನ್ನದು. ಆರು ಸಾವಿರ ಎಂದೆ. ಅಷ್ಟು ಹೇಳುವಾಗಲೂ ನಾಚಿಕೆಯಾಯಿತು. ಮೊದಲ ವಾರ ಮಲಗಿದೆ. ಹದಿನಾಲ್ಕು ವರ್ಷದ ನಿದ್ದೆ ಬಾಕಿ ಇತ್ತೆಂದು ಕಾಣುತ್ತದೆ. ಎರಡನೆಯ ವಾರ ಮುಂಜಾನೆ ಒಂಬತ್ತಕ್ಕೆ ಕೂತೆ. ಹನ್ನೊಂದರ ಹೊತ್ತಿಗೆ ಕಣ್ಣು ನೀರು ಬಿಟ್ಟಿತು. ಮೂರನೆಯ ವಾರ ಗೋಡೆಯ ಮೇಲಿನ ಗಡಿಯಾರ ನೋಡಲು ಸುರು ಮಾಡಿದೆ. ಗಡುವು, ಗಿರಾಕಿಯ ಫೋನು, ತಪ್ಪಿದ ಎಳೆ ಬಿಚ್ಚಲು ಬೇಸರ. ಒಂದು ದಿನ ಮಧ್ಯಾಹ್ನ ಊಟದ ಡಬ್ಬಿಯನ್ನು ಹುಡುಕಿದೆ, ಮನೆಯಲ್ಲೇ ಇದ್ದೇನೆಂಬುದು ಮರೆತು. ರಜೆ ಮುಗಿದರೂ ಸೀರೆ ಮುಗಿಯಲಿಲ್ಲ, ಇನ್ನೂ ಎರಡು ತಿಂಗಳ ರಾತ್ರಿಗಳನ್ನು ತಿಂದಿತು. ಎಲ್ಲ ಸೇರಿ 112 ತಾಸು. ರೇಷ್ಮೆ ಲಡಿಗೆ ನಾನೂರು ರೂಪಾಯಿ ತೆಗೆದರೆ ತಾಸಿಗೆ ಐವತ್ತು ರೂಪಾಯಿ. ನೋಟುಬುಕ್ಕಿನಲ್ಲಿ ಬರೆದು ಮುಚ್ಚಿದೆ. ಇರಲಿ, ಹವ್ಯಾಸವಲ್ಲವೆ, ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ದಾರ ತರಲು ಸುಭಾಸ ರೋಡಿನ ಅಂಗಡಿಗೆ ಹೋದಾಗ ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಮಾತಿಗೆ ಬಂದಳು. ಹತ್ತಿರದ ಹಳ್ಳಿಯವಳು, ಕಸೂತಿಯೇ ಜೀವನ. ನನ್ನ ಚೀಲದಲ್ಲಿದ್ದ ಒಂದು ತುಂಡನ್ನು ತಿರುವಿ ಹಾಕಿ ಹಿಂಬದಿ ನೋಡಿದಳು. ಗೊತ್ತಿರುವವರು ಹಿಂಬದಿಯನ್ನೇ ಮೊದಲು ನೋಡುತ್ತಾರೆ.

"ಚಲೋ ಹಾಕೀರಿ ಅಕ್ಕಾರ. ಸೀರಿಗೆ ಎಷ್ಟ ತಗೋತೀರಿ?"

ಹೇಳಿದೆ. ಅವಳು ತುಂಡನ್ನು ಮಡಿಚಿ ನನ್ನ ಕೈಗೆ ಕೊಟ್ಟಳು.

"ನಿಮಗ ತಿಂಗಳಾ ಪಗಾರ ಬರತದ್ರಿ. ನೀವು ಸಸ್ತಾ ಮಾಡಿಕೊಟ್ರ ಮಂದಿ ನಿಮ್ಮ ರೇಟು ನಮಗ ತೋರಸ್ತಾರ್ರಿ. ನಿಮಗ ಇದು ಹವ್ಯಾಸ, ನಮಗ ಹೊಟ್ಟಿ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಅವಳು ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು. ತಾಸಿಗೆ ಐವತ್ತು ರೂಪಾಯಿ ಎಂದು ನಾನು ಉದಾರವಾಗಿ ನಷ್ಟ ಮಾಡಿಕೊಂಡಿದ್ದೆನೆಂದು ತಿಳಿದಿದ್ದೆ. ಆ ನಷ್ಟ ನನ್ನದಾಗಿರಲಿಲ್ಲ. ನನ್ನದನ್ನು ಬ್ಯಾಂಕು ತಿಂಗಳ ಕೊನೆಗೆ ತುಂಬಿಕೊಡುತ್ತಿತ್ತು. ಧಾರವಾಡದ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ ಎಂದು ನಾನೇ ಎಷ್ಟೋ ಜನರಿಗೆ ಅಭಿಮಾನದಿಂದ ಹೇಳಿದ್ದೇನೆ. ಕಂಪ್ಯೂಟರ್ ಮಶೀನಿನಲ್ಲಿ ಹೊಡೆದು ಕಸೂತಿ ಎಂದು ಮಾರುವವರನ್ನು ಬೈದಿದ್ದೇನೆ. ಆ ಸಾಲಿನಲ್ಲಿ ನಾನೂ ಒಂದು ಮೂಲೆಯಲ್ಲಿ ನಿಂತಿರಬಹುದೆಂದು ಹೊಳೆದಿರಲಿಲ್ಲ.

ಅಂದಿನಿಂದ ಎರಡು ಬದಲಾವಣೆ ಮಾಡಿಕೊಂಡೆ. ಯಾರಾದರೂ ಸೀರೆ ಕೇಳಿದರೆ ಅವಳ ಫೋನ್ ನಂಬರು ಕೊಡುತ್ತೇನೆ, ದರ ಅವಳು ಹೇಳಿದ್ದು. ಒತ್ತಾಯ ಮಾಡಿದವರಿಗೆ ನಾನೇ ಮಾಡಿಕೊಡುವುದಾದರೆ ಅವಳ ದರಕ್ಕಿಂತ ಒಂದು ರೂಪಾಯಿಯೂ ಕಡಿಮೆಯಿಲ್ಲ. ಇದರಿಂದ ನನ್ನ ಗಿರಾಕಿಗಳು ಬಹುತೇಕ ಖಾಲಿಯಾದರು. ನೋಟುಬುಕ್ಕಿನಲ್ಲಿ '2028ರ ನಂತರ, ಕಸೂತಿಯಿಂದ' ಎಂದು ಎಡಗಡೆ ಬರೆದಿದ್ದ ಮೊತ್ತವನ್ನು ಹೊಡೆದು ಹಾಕಿದೆ. ಪಿಂಚಣಿಯಲ್ಲಿ ಹೊಂದಿಸಿಕೊಳ್ಳಬೇಕು, ಆಗದಿದ್ದರೆ ಇನ್ನೊಂದೆರಡು ವರ್ಷ ದುಡಿಯಬೇಕು. ಲೆಕ್ಕ ಬಿಗಿಯಾಯಿತು, ಆದರೆ ಸರಿಯಾಯಿತು.

ಹಾಗಾದರೆ ಬಿಡುವುದಾದರೂ ಯಾಕೆ ಎಂದು ನಮ್ಮವರು ಕೇಳಿದರು. ಈ ಸಲ ಚೇಷ್ಟೆಯಿರಲಿಲ್ಲ. ನಾನು ಉತ್ತರ ಹುಡುಕಿದೆ. ಬ್ಯಾಂಕಿನ ಮೇಲೆ ನನಗೆ ದ್ವೇಷವಿಲ್ಲ. ಪಿಂಚಣಿಯ ಅಜ್ಜಂದಿರು ಪಾಸ್‌ಬುಕ್ಕು ಹಿಡಿದು ನನ್ನನ್ನೇ ಹುಡುಕಿಕೊಂಡು ಬರುವಾಗ ಸಂತೋಷವೂ ಆಗುತ್ತದೆ. ಆದರೆ ಬೆಳಕಿರುವ ಹೊತ್ತೆಲ್ಲ ಅಲ್ಲಿ ಹೋಗುತ್ತದೆ, ಕಸೂತಿಗೆ ಉಳಿಯುವುದು ಬಲ್ಬಿನ ಬೆಳಕು. ಕರಿ ಸೀರೆಯ ಎಳೆ ರಾತ್ರಿ ಕಾಣುವುದಿಲ್ಲ. ನನಗೆ ಬೇಕಾದದ್ದು ಹಗಲು, ಮತ್ತು ಕಣ್ಣು ಇನ್ನೂ ನೆಟ್ಟಗಿರುವ ಕೆಲವು ವರ್ಷ. ಅವ್ವನ ಕಣ್ಣು ನೋಡಿದವಳು ನಾನು. ಇಷ್ಟು ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ. ಮರುದಿನ ಕಿಟಕಿಯ ಹತ್ತಿರದ ಕಪಾಟನ್ನು ಸರಿಸಿ ಅಲ್ಲಿ ಒಂದು ಕುರ್ಚಿ ಹಾಕಿದರು.

ಕಿಟಕಿಯ ಬೆಳಕಿನಲ್ಲಿ ಈಗ ರವಿವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಅವ್ವನ ಸೀರೆ ಮುಂದುವರಿಯುತ್ತಿದೆ. ಇದನ್ನು 2028ಕ್ಕೆಂದು ಎತ್ತಿಟ್ಟಿದ್ದೆ. ನೌಕರಿ ಬಿಟ್ಟ ದಿನದಿಂದ ಅದನ್ನೇ ಸುರು ಮಾಡುವುದೆಂದು ಒಂದು ಪುಟದಲ್ಲಿ ಬರೆದೂ ಇದ್ದೆ. ನನ್ನ ನೋಟುಬುಕ್ಕಿನಲ್ಲಿ ಎಲ್ಲರ ಖರ್ಚು ಇತ್ತು, ಅವ್ವನ ವಯಸ್ಸು ಇರಲಿಲ್ಲ. ಅವಳಿಗೆ ಎಂಬತ್ತು ಹತ್ತಿರವಾಗಿದೆ. ಮೂರನೆಯ ಗೋಪುರ ಮುಗಿದು ನಾಲ್ಕನೆಯದಕ್ಕೆ ಕಳಸ ಏರಿದೆ. ಇನ್ನು ಆನೆ ಅಂಬಾರಿಯ ಸಾಲು, ತೇರು, ನಡುವೆ ಚುಕ್ಕಿ.

ಸಂಜೆ ಸೀರೆಯನ್ನು ಅವಳ ತೊಡೆಯ ಮೇಲೆ ಹಾಕುತ್ತೇನೆ. ಅವಳಿಗೆ ಬಣ್ಣ ಮಸುಕಾಗಿ ಕಾಣುತ್ತದೆ, ಎಳೆ ಕಾಣುವುದಿಲ್ಲ. ಸೆರಗನ್ನು ಮಗುಚಿ ಹಿಂಬದಿಯ ಮೇಲೆ ತೋರುಬೆರಳು ಆಡಿಸುತ್ತಾಳೆ. ತನ್ನ ಗೋಪುರದಿಂದ ಹೊರಟು ನನ್ನ ಗೋಪುರಕ್ಕೆ ನಿಧಾನ ಬರುತ್ತಾಳೆ. ಹೋದ ರವಿವಾರ ಬೆರಳು ಒಂದು ಕಡೆ ನಿಂತಿತು.

"ಇಲ್ಲೆ ಗಂಟು ಹಾಕೀದಿ."

"ಸಣ್ಣದವ್ವಾ. ಕತ್ತಲಾಗಿತ್ತು, ಮುಗಿಸಿಬಿಡಬೇಕಂತ..."

"ಬಿಚ್ಚು."

ನಾಳೆ ಸೋಮವಾರ, ಏಳೂವರೆಯ ಬಸ್ಸು, ತಿಂಗಳ ಕೊನೆಯ ಗದ್ದಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ದೀಪ ಹಾಕಿ, ಚಾಳೀಸು ಏರಿಸಿ, ಬಿಚ್ಚಲು ಕೂತೆ. ಅವ್ವ ಪಕ್ಕದಲ್ಲೇ ಕೂತು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು.