ಚನ್ನಪಟ್ಟಣ: ಹೆಸರು ಊರಿನದು, ಆನೆ ಯಾರದು?

ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿಲೋಮೀಟರು ಸಾಗಿದರೆ ಚನ್ನಪಟ್ಟಣ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹಾಯ್ದುಹೋಗುವುದರಿಂದ, ಅವಸರದ ಪ್ರಯಾಣಿಕನಿಗೆ ಇದೀಗ ಬರಿಯ ಕೈಮರದ ಮೇಲಿನ ಹೆಸರು. ಹಳೆಯ ದಾರಿಯನ್ನೇ ಹಿಡಿದವನಿಗೆ ಮಾತ್ರ ಇಕ್ಕೆಲದ ಗೊಂಬೆಯಂಗಡಿಗಳು ಕಾಣಸಿಗುತ್ತವೆ. ಓಲಾಡುವ ಕುದುರೆ, ಗಾಲಿಯ ಬಂಡಿ, ಬುಗುರಿ, ಗಿಲಕಿ—ಕೆಂಪು ಹಳದಿ ಹಸುರುಗಳ ಒಂದು ಸಣ್ಣ ಜಾತ್ರೆಯೇ ಅಲ್ಲಿ ನೆರೆದಿರುತ್ತದೆ. ಅವುಗಳ ನಡುವೆ ಎಲ್ಲಿಯದೋ ಪ್ಲಾಸ್ಟಿಕ್ ಸಾಮಾನುಗಳೂ ಸಂಕೋಚವಿಲ್ಲದೆ ತೂಗಾಡುವುದುಂಟು.

ಗೊಂಬೆ ಹುಟ್ಟುವುದನ್ನು ನೋಡಬೇಕಾದರೆ ಅಂಗಡಿಯನ್ನು ಬಿಟ್ಟು ಒಳಬೀದಿಗಳಿಗೆ ಹೋಗಬೇಕು. ನಾವು ಹೊಕ್ಕ ಮನೆಯ ಮುಂಭಾಗವೇ ಕಾರ್ಖಾನೆ. ಆಲೆ ಮರದ—ಇದು ಆಲದ ಮರವಲ್ಲ, ಬಿಳುಪಾದ ಮೃದುವಾದ ಬೇರೆಯೇ ಜಾತಿ—ತುಂಡೊಂದು ಲೇತ್ ಯಂತ್ರದಲ್ಲಿ ಗಿರಗಿರನೆ ಸುತ್ತುತ್ತಿತ್ತು. ಉಳಿಯ ಮೊನೆ ತಾಕಿದಲ್ಲೆಲ್ಲ ಸಿಪ್ಪೆ ಸುರುಳಿಯಾಗಿ ಹಾರಿ, ಕಣ್ಣೆದುರಿಗೇ ಒಂದು ದುಂಡು ಹೊಟ್ಟೆ ಮೂಡಿತು. ಅನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪಿಕೊಂಡಿತು. ಕೊನೆಗೆ ತಾಳೆ ಗರಿಯಿಂದ ಉಜ್ಜಿದೊಡನೆ ಅದಕ್ಕೆ ಬಂದ ಹೊಳಪನ್ನು ಕಂಡು ನನ್ನ ಮಗಳು ಕೈಚಪ್ಪಾಳೆ ತಟ್ಟಿದಳು.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಶಿಯದಿಂದ ಬಂದ ಕುಶಲಿಗಳು ಈ ವಿದ್ಯೆಯನ್ನು ಕಲಿಸಿದರೆಂದು ಊರಿನ ಪ್ರತೀತಿ. ಮುಂದೆ ಬವಾಸ್ ಮಿಯಾನ್ ಎಂಬವರು ಜಪಾನಿನ ಕೌಶಲವನ್ನು ಅರಿತು ಬಂದು ಕಸುಬನ್ನು ತಿದ್ದಿದರೆಂದೂ ಹೇಳುತ್ತಾರೆ. ವಿದ್ಯೆಯ ಒಂದು ಬೇರು ಪರ್ಶಿಯದಲ್ಲಿ, ಇನ್ನೊಂದು ಜಪಾನಿನಲ್ಲಿ; ಹೂ ಬಿಟ್ಟದ್ದು ಚನ್ನಪಟ್ಟಣದಲ್ಲಿ!

ಕೆಲಸ ಮಾಡುತ್ತಿದ್ದ ಹಿರಿಯ ಸಾಹೇಬರು ಗೂಡಿನಿಂದ ಗಾಲಿಗಳ ಮೇಲೆ ಓಡುವ ಆನೆಯೊಂದನ್ನು ತೆಗೆದು ನನ್ನ ಕೈಗಿತ್ತರು.

“ಈ ಆನೆ ನನ್ನ ತಲೆಯಿಂದ ಹುಟ್ಟಿದ್ದು, ಮೇಷ್ಟ್ರೇ. ಎರಡು ತಿಂಗಳೂ ಆಗಲಿಲ್ಲ, ಹಿಂದಿನ ಬೀದೀಲಿ ಇದೇ ಆನೆ ಮಾಡ್ತಿದ್ದಾರೆ. ನಮ್ಮ ಗೊಂಬೆಗೆ ಜಿ. ಐ. ಬಂದಿದೆ ಅಂತಾರಲ್ಲ, ಅದನ್ನ ಹಿಡಿದು ಕೇಳಬಹುದಾ?”

ಕೇಳಲಾಗದು ಎಂದು ಹೇಳಬೇಕಾಯಿತು. ಕನ್ನಡ ಪಾಠ ಹೇಳುವವನಿಗೆ ಕಾಯಿದೆಯ ಗೊಡವೆ ಏಕೆಂದು ನೀವು ನಗಬಹುದು. ಆದರೆ ಇದು ಮೂಲದಲ್ಲಿ ಹೆಸರಿಗೂ ರೂಪಕ್ಕೂ ಇರುವ ವ್ಯತ್ಯಾಸದ ಪ್ರಶ್ನೆ. ಆ ಮಟ್ಟಿಗೆ ನಮ್ಮ ಶಾಸ್ತ್ರದ್ದೇ.

ಭೌಗೋಳಿಕ ಸೂಚಕದ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರಲ್ಲಿ. 2005–06ನೆಯ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳು ಚೆನ್ನೈಯ ಕಚೇರಿಯಲ್ಲಿ ದಾಖಲಾದವು. ವಿದ್ಯೆ ಮೊದಲು ಎಲ್ಲಿಂದ ಬಂತೆಂದು ಕಾಯಿದೆ ವಿಚಾರಿಸುವುದಿಲ್ಲ. ವಸ್ತುವಿನ ಗುಣ ಅಥವಾ ಕೀರ್ತಿ ಯಾವ ನೆಲಕ್ಕೆ ಅಂಟಿಕೊಂಡಿದೆಯೆಂದು ಕೇಳುತ್ತದೆ. ಅದು ಕಾಯುವುದು ‘ಚನ್ನಪಟ್ಟಣ’ ಎಂಬ ಹೆಸರನ್ನು. ಬೇರೆಲ್ಲೋ ಮಾಡಿದ ಗೊಂಬೆಗೆ ಈ ಹೆಸರಿಟ್ಟು ಮಾರುವುದು ಅಪರಾಧ. ಹತ್ತು ವರ್ಷಕ್ಕೊಮ್ಮೆ ನವೀಕರಿಸಿದರೆ ಹಕ್ಕು ಮುಂದುವರಿಯುತ್ತದೆ. ಇದನ್ನು ಯಾರೂ ಮತ್ತೊಬ್ಬರಿಗೆ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ—ಊರಿನ ಕೆರೆಯಂತೆ. ಕೆರೆಯ ನೀರಿಗೆ ಹಿಂದಿನ ಬೀದಿಯವರೂ ಹಕ್ಕುದಾರರಲ್ಲವೆ? ಅದೇ ಹೆಸರಿನಲ್ಲಿ ಅವರೂ ಆನೆ ಮಾಡಿದರೆ ಜಿ. ಐ. ಏನೂ ಅನ್ನದು.

ಹಾಗಾದರೆ ಆನೆಯನ್ನು ಕಾಯುವವರು ಯಾರು? ಪೇಟೆಂಟು 20 ವರ್ಷದ ಹಕ್ಕು ಕೊಡುತ್ತದೆ, ಹೊಸ ಶೋಧಕ್ಕೆ ಮಾತ್ರ. ಪರಂಪರೆಯಿಂದ ಬಂದ ವಿದ್ಯೆಗೆ ಅದು ದೊರೆಯದು. ಕೃತಿಸ್ವಾಮ್ಯ ಲೇಖಕನ ಆಯುಷ್ಯದ ಮೇಲೆ ಮತ್ತೆ 60 ವರ್ಷ ನಡೆಯುತ್ತದೆ. ಆದರೆ ಅದರಲ್ಲೊಂದು ಕೊಕ್ಕೆಯಿದೆ. ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದ ರೂಪವನ್ನು ನೋಂದಾಯಿಸದೆ, ಔದ್ಯೋಗಿಕ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ಸ್ವಾಮ್ಯ ಅಲ್ಲಿಗೆ ಮುಗಿಯಿತು. ಗೊಂಬೆಯ ಕಸುಬಿನಲ್ಲಿ ಐವತ್ತು ಎಷ್ಟರ ಲೆಕ್ಕ! ಆದ್ದರಿಂದ ಸಾಹೇಬರ ಆನೆಗೆ ತಕ್ಕ ಕಾವಲು ವಿನ್ಯಾಸ ಕಾಯಿದೆಯದು: ಮೊದಲು ಹತ್ತು ವರ್ಷ, ಕೋರಿದರೆ ಮತ್ತೈದು. ನಿಬಂಧನೆ ಒಂದೇ, ಅರ್ಜಿ ಹಾಕುವ ಮುನ್ನ ರೂಪ ಬಹಿರಂಗವಾಗಿರಬಾರದು. ಆನೆ ಆಗಲೇ ಅಂಗಡಿಯಲ್ಲಿ ಮೆರೆದಾಗಿತ್ತು. ಇನ್ನು ಉಳಿದದ್ದು ಟ್ರೇಡ್ ಮಾರ್ಕು—ತಮ್ಮದೇ ಒಂದು ಮುದ್ರೆ. ಅದನ್ನು ಹೊಟ್ಟೆಯಡಿಯಲ್ಲಿ ಒತ್ತಬಹುದು. ಅದೂ ಮುದ್ರೆಯನ್ನು ಕಾಯುತ್ತದೆಯೇ ಹೊರತು ಆನೆಯನ್ನಲ್ಲ.

“ಹಾಗಾದರೆ ಜಿ. ಐ.ಯಿಂದ ನಮಗೇನು ಬಂತು?” ಎಂದರು ಸಾಹೇಬರು.

ನ್ಯಾಯವಾದ ಪ್ರಶ್ನೆ. ಹಕ್ಕಿನ ಒಡೆತನ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಕುಶಲಿಯು ‘ಅಧಿಕೃತ ಬಳಕೆದಾರ’ನೆಂದು ಬೇರೆಯಾಗಿ ದಾಖಲಾಗಬೇಕು. 2020ರಲ್ಲಿ ಅದರ ಶುಲ್ಕವನ್ನು 500 ರೂಪಾಯಿಯಿಂದ 10ಕ್ಕೆ ಇಳಿಸಿದರು. 2021ರ ಆರಂಭದಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ಹೀಗೆ ದಾಖಲಾದ ಜಿ. ಐ. ಬಳಕೆದಾರರಿಗೂ ಸರಕಾರದಲ್ಲಿ ನೋಂದಾಯಿತರಾದ ಕುಶಲಿಗಳಿಗೂ ವಿನಾಯಿತಿ ದೊರೆಯಿತು. ದೊಡ್ಡ ಪರೀಕ್ಷಾಲಯದ ಖರ್ಚನ್ನು ಭರಿಸಲಾರದ ಒಂಟಿ ಲೇತಿನ ಮನೆಗೆ ಇದು ಉಸಿರಿನಷ್ಟೇ ದೊಡ್ಡದು. ನನ್ನ ಅಭಿಪ್ರಾಯದಲ್ಲಿ, ಕಾಗದದ ಮೇಲಿನ ಕೀರ್ತಿಗಿಂತ ಈ ಹತ್ತು ರೂಪಾಯಿಯ ಅರ್ಜಿಯೇ ಹೆಚ್ಚು ಬೆಲೆಯುಳ್ಳದ್ದು. ದೇಶದ ಗಡಿಯಾಚೆ ಮಾತ್ರ ಈ ಕಾಯಿದೆಯ ಕೈ ಚಾಚದು. ಅಲ್ಲಲ್ಲಿ ಬೇರೆಯೇ ನೋಂದಣಿ ಬೇಕು.

ಅರ್ಜಿಯ ವಿಚಾರವನ್ನು ಮಗನಿಗೆ ಹೇಳಿ ಬರೆಯಿಸಿಕೊಳ್ಳುವುದಾಗಿ ಸಾಹೇಬರು ನುಡಿದರು. ಮಗಳು ಆನೆಯನ್ನು ಎದೆಗವಚಿಕೊಂಡಿದ್ದಳು, ಹಣ ಕೊಟ್ಟೆವು. ನಾವು ಹೊಸಿಲು ದಾಟುವ ಹೊತ್ತಿಗೆ ಅವರು ಮೂಲೆಯಲ್ಲಿದ್ದ, ಇನ್ನೂ ಅರಗು ಕಾಣದ ನವಿಲೊಂದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಮೇಲಿನ ಗೂಡಿನ ಹಿಂಬದಿಗೆ ತಳ್ಳುತ್ತಿದ್ದರು.